ಲೆಕ್ಕ ಕೇಳಿದ ಕ್ರೀಡಾ ನಿರ್ದೇಶಕಿ



ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಓದಿದ್ದು ಎಸ್.ಎಸ್.ಎಲ್.ಸಿ. ಮಾತ್ರ. ಕ್ರೀಡೆಯ ಬಗ್ಗೆ ಮಾತನಾಡಲು ಇವನಿಗೇನು ಅರ್ಹತೆ ಎಂದು ನೀವು ಕೇಳಬಹುದು. ಆಟ ನನಗೆ ಅಷ್ಟಾಗಿ ತಿಳಿಯದು, ಲೆಕ್ಕ ತಿಳಿಯುತ್ತದೆ. ಇವತ್ತು ಹೇಳಹೊರಟಿರುವುದು ಆಟದ ಮೈದಾನದಲ್ಲಿ ನಿಂತು ಲೆಕ್ಕ ಕೇಳಿದ ಒಬ್ಬ ಮಹಿಳೆಯ ಕಥೆ.

ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 1980ರ ದಶಕದ ಕೊನೆಗೆ ಕಾಸರಗೋಡಿನ ಕಡೆಯ ಒಂದು ಶಾಖೆಯಲ್ಲಿದ್ದೆ. ಅಲ್ಲಿನ ನೌಕರರ ಮನರಂಜನಾ ಕ್ಲಬ್ಬಿಗೆ ನಾನೇ ಖಜಾಂಚಿ. ತಿಂಗಳಿಗೆ ಐದು ರೂಪಾಯಿ ವಂತಿಗೆ. ಗಂಡಸರಿಗೂ ಐದು, ಹೆಂಗಸರಿಗೂ ಐದು. ಆ ಹಣದಲ್ಲಿ ವಾಲಿಬಾಲು, ನೆಟ್ಟು, ಕ್ರಿಕೆಟ್ ಬ್ಯಾಟು, ಪಂದ್ಯಕ್ಕೆ ಹೋಗಿಬರಲು ಜೀಪಿನ ಬಾಡಿಗೆ. ಮಹಿಳೆಯರ ಬಾಬ್ತಿಗೆ ವರ್ಷಕ್ಕೊಂದು ಟೆನ್ನಿಕಾಯ್ಟ್ ರಿಂಗು. ವಾರ್ಷಿಕ ಸಭೆಯಲ್ಲಿ ಕ್ಯಾಷ್ ಕೌಂಟರಿನ ಒಬ್ಬರು ಎದ್ದು ನಿಂತು, “ನಮ್ಮಿಂದ ಬಂದದ್ದೆಷ್ಟು, ನಮಗೆ ಖರ್ಚಾದದ್ದೆಷ್ಟು, ಓದಿ ಹೇಳಿ” ಎಂದರು. “ಪೈಸೆಗೆ ಪೈಸೆ ತಾಳೆಯಾಗಿದೆ ಮೇಡಂ, ಆಡಿಟ್ ಕೂಡ ಆಗಿದೆ” ಎಂದೆ. ಸಭೆ ನಕ್ಕಿತು. ಅವರು ಸುಮ್ಮನೆ ಕುಳಿತರು.

ನಿವೃತ್ತನಾದ ಮೇಲೆ ಕ್ರಿಸ್ಟೀನ್ ಗ್ರಾಂಟ್ ಎಂಬವರ ಬಗ್ಗೆ ಓದಿದಾಗ ಆ ಸಭೆ ಕಣ್ಣೆದುರಿಗೆ ಬಂತು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ 1973ರಿಂದ 2000ದವರೆಗೆ, ಇಪ್ಪತ್ತೇಳು ವರ್ಷ, ಮಹಿಳಾ ಕ್ರೀಡೆಗಳ ನಿರ್ದೇಶಕಿಯಾಗಿದ್ದವರು ಅವರು.

ನಮ್ಮ ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರಂತೆ ಸೀಟಿ ಊದುವ ಹುದ್ದೆ ಅದಲ್ಲ. ಅಮೆರಿಕದಲ್ಲಿ ವಿಶ್ವವಿದ್ಯಾನಿಲಯಗಳ ಆಟವೆಂದರೆ ಸಾವಿರಾರು ಜನ ಟಿಕೆಟ್ ಕೊಂಡು ನೋಡುವಂಥದು. ತರಬೇತುದಾರರ ನೇಮಕ, ವಿದ್ಯಾರ್ಥಿವೇತನ, ಪ್ರಯಾಣ, ಕ್ರೀಡಾಂಗಣ, ಬಜೆಟ್ಟು, ಇವೆಲ್ಲ ನಿರ್ದೇಶಕರ ಮೇಜಿಗೇ ಬರಬೇಕು.

ಗ್ರಾಂಟ್ ಹುಟ್ಟಿದ್ದು 1936ರಲ್ಲಿ, ಸ್ಕಾಟ್ಲೆಂಡಿನಲ್ಲಿ. ಹಾಕಿ ಆಡಿ ಬೆಳೆದವರು, ದೈಹಿಕ ಶಿಕ್ಷಣದ ತರಬೇತಿ ಪಡೆದವರು. ಮುಂದೆ ಕೆನಡಾಕ್ಕೆ ಹೋಗಿ ಕಲಿಸುತ್ತ, ಹಾಕಿ ತಂಡಗಳನ್ನು ಕಟ್ಟುತ್ತ ಇದ್ದರು. ಪದವಿ ಪಡೆಯಬೇಕೆಂದು ಅಯೋವಾಕ್ಕೆ ಬಂದಾಗ ವಯಸ್ಸು ಮೂವತ್ತು ದಾಟಿತ್ತು. ಆ ಪ್ರಾಯದಲ್ಲಿ ಪುನಃ ಬೆಂಚಿನ ಮೇಲೆ ಕುಳಿತು, ಡಾಕ್ಟರೇಟಿನವರೆಗೂ ಓದಿದರು.

ಆ ಹೊತ್ತಿಗೆ, 1972ರ ಜೂನ್ ತಿಂಗಳಲ್ಲಿ, ಅಮೆರಿಕದಲ್ಲಿ ಒಂದು ಕಾನೂನು ಬಂತು. ಟೈಟಲ್ ನೈನ್ ಎಂದು ಅದರ ಹೆಸರು. ಕೇಂದ್ರ ಸರಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಗಂಡು ಹೆಣ್ಣು ಎಂದು ಭೇದ ಮಾಡಕೂಡದು ಎಂಬುದು ಅದರ ಸಾರ. ಕಾನೂನು ಕಾಗದದ ಮೇಲೆ ಬಂತು; ಮೈದಾನಕ್ಕೆ ಇಳಿಯಬೇಡವೇ? “ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ” ಎಂಬ ಗಾದೆ ಎಲ್ಲ ದೇಶಕ್ಕೂ ಸಲ್ಲುತ್ತದೆ. ಅಮೆರಿಕನ್ ಫುಟ್‌ಬಾಲಿನಂಥ ಹಣ ತರುವ ಆಟಗಳನ್ನು ಈ ಕಾನೂನಿನಿಂದ ಹೊರಗಿಡಿ ಎಂದು ಸೆನೆಟರ್ ಜಾನ್ ಟವರ್ 1974ರಲ್ಲಿ ತಿದ್ದುಪಡಿ ತಂದರು. ಅದು ಕೊನೆಗೆ ನಿಲ್ಲಲಿಲ್ಲ.

ಇಂಥ ದಿನಗಳಲ್ಲಿ ಗ್ರಾಂಟ್ ಕುರ್ಚಿಯಲ್ಲಿ ಕುಳಿತರು. ಅಯೋವಾದಲ್ಲಿ ಮಹಿಳೆಯರ ಕ್ರೀಡಾ ವಿಭಾಗ ಪುರುಷರದ್ದಕ್ಕಿಂತ ಬೇರೆಯೇ ಆಗಿತ್ತು. ಅವರಿಗೆ ಅವರದೇ ಬಜೆಟ್ಟು, ಅವರದೇ ಕಚೇರಿ. ನಮ್ಮ ಕ್ಲಬ್ಬಿನಲ್ಲಿ ಹಾಗಿದ್ದಿದ್ದರೆ ಆ ಒಂದು ರಿಂಗಿನ ಖರ್ಚು ನೆಟ್ಟು, ಜೀಪುಗಳ ನಡುವೆ ಅಡಗಿಕೊಳ್ಳುತ್ತಿರಲಿಲ್ಲ. ಬೇರೆ ಖಾತೆ ಇದ್ದರೆ ಕೊರತೆ ಕಣ್ಣಿಗೆ ಹೊಡೆಯುತ್ತದೆ.

ಅವರ ಜಾಣತನ ಜನರನ್ನು ಆರಿಸುವುದರಲ್ಲೂ ಕಾಣುತ್ತದೆ. 1983ರಲ್ಲಿ ಪೆನ್ಸಿಲ್ವೇನಿಯಾದ ಚೇನಿ ಎಂಬ ಸಣ್ಣ ಕಾಲೇಜಿನಿಂದ ವಿವಿಯನ್ ಸ್ಟ್ರಿಂಗರ್ ಎಂಬ ಕಪ್ಪು ಜನಾಂಗದ ತರಬೇತುದಾರರನ್ನು ಬಾಸ್ಕೆಟ್‌ಬಾಲ್ ತಂಡಕ್ಕೆ ಕರೆತಂದರು. ಆ ಸಣ್ಣ ಕಾಲೇಜನ್ನು ಸ್ಟ್ರಿಂಗರ್ 1982ರಲ್ಲಿ ರಾಷ್ಟ್ರೀಯ ಫೈನಲಿಗೆ ಮುಟ್ಟಿಸಿದ್ದರು. ಹೆಂಗಸರ ಆಟವನ್ನು ಯಾರು ನೋಡುತ್ತಾರೆ ಎಂಬ ಮಾತಿಗೆ 1985ರ ಫೆಬ್ರವರಿ 3ರಂದು ಉತ್ತರ ಸಿಕ್ಕಿತು. ಹದಿನೈದು ಸಾವಿರ ಚಿಲ್ಲರೆ ಜನ ಹಿಡಿಸುವ ಒಳಾಂಗಣಕ್ಕೆ ಅಂದು ಬಂದವರು 22,157 ಮಂದಿ. ಮೆಟ್ಟಿಲುಗಳಲ್ಲೂ ಜನ. ಅಗ್ನಿಶಾಮಕ ಅಧಿಕಾರಿಗಳಿಂದ ಗ್ರಾಂಟ್ ಅವರಿಗೆ ಎಚ್ಚರಿಕೆಯ ಪತ್ರ ಬಂತು. ಮೇಲಧಿಕಾರಿಯ ಮೆಮೊ ಬಂದರೆ ನಾವು ನಿದ್ದೆಗೆಡುತ್ತಿದ್ದೆವು; ಅವರಿಗೆ ಅದೇ ಹೆಮ್ಮೆಯ ಪತ್ರವಾಯಿತು! ಮರುವರ್ಷ, 1986ರಲ್ಲಿ, ಅಯೋವಾದ ಹಾಕಿ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರೀ ಗೆಲುವಿನ ಕಥೆಯಾಗುತ್ತದೆ. ಗ್ರಾಂಟ್ ಸೋತದ್ದೂ ಉಂಟು. ಕಾಲೇಜು ಮಹಿಳೆಯರ ಪಂದ್ಯಗಳನ್ನು ನಡೆಸಲು ಮಹಿಳೆಯರೇ 1971ರಲ್ಲಿ ಕಟ್ಟಿದ ಒಂದು ಸಂಘವಿತ್ತು, ಎ.ಐ.ಎ.ಡಬ್ಲ್ಯು. ಎನ್ನುತ್ತಿದ್ದರು. 1980ರ ಹೊತ್ತಿಗೆ ಗ್ರಾಂಟ್ ಅದರ ಅಧ್ಯಕ್ಷೆ. ಅಷ್ಟರಲ್ಲಿ ಪುರುಷರ ದೊಡ್ಡ ಸಂಸ್ಥೆ ಎನ್.ಸಿ.ಎ.ಎ. ತಾನೂ ಮಹಿಳಾ ಪಂದ್ಯಗಳನ್ನು ನಡೆಸಲು ಹೊರಟಿತು. ಅದರ ಬಳಿ ಹಣವಿತ್ತು, ಟೆಲಿವಿಷನ್ ಇತ್ತು. ಕಾಲೇಜುಗಳು ಅತ್ತ ವಾಲಿದವು. ಮಹಿಳೆಯರ ಸಂಘ ಕೋರ್ಟಿಗೆ ಹೋಗಿ ಸೋತು ಬಾಗಿಲು ಹಾಕಿತು.

ಅದರ ಫಲ ವಿಚಿತ್ರ. 1972ರಲ್ಲಿ ಮಹಿಳಾ ತಂಡಗಳ ತರಬೇತುದಾರರಲ್ಲಿ ನೂರಕ್ಕೆ ತೊಂಬತ್ತು ಮಂದಿ ಮಹಿಳೆಯರೇ ಇದ್ದರು. ಆಟಕ್ಕೆ ದುಡ್ಡು ಬಂದ ಮೇಲೆ, ಗ್ರಾಂಟ್ ನಿವೃತ್ತರಾಗುವ ಹೊತ್ತಿಗೆ, ಅದು ಅರ್ಧಕ್ಕಿಂತ ಕೆಳಗಿಳಿದಿತ್ತು. ಆಡುವ ಹುಡುಗಿಯರು ಹೆಚ್ಚಿದರು, ಆಳುವ ಹೆಂಗಸರು ಕಡಿಮೆಯಾದರು. ಅಯೋವಾದಲ್ಲೂ 2000ದಲ್ಲಿ ಗ್ರಾಂಟ್ ನಿವೃತ್ತರಾದಾಗ ಎರಡು ವಿಭಾಗಗಳು ಒಂದಾದವು; ನಿರ್ದೇಶಕರಾಗಿ ಉಳಿದವರು ಪುರುಷರ ವಿಭಾಗದವರು.

ಸೋತವರು ಮನೆಗೆ ಹೋಗಿ ಕುಳಿತರೇ? ಇಲ್ಲ. ಎನ್.ಸಿ.ಎ.ಎ.ಯ ಒಳಗೇ ಇದ್ದು ಕೆಲಸ ಮಾಡಿದರು. ಸಂಸತ್ತಿನ ಸಮಿತಿಗಳ ಮುಂದೆ, ನ್ಯಾಯಾಲಯಗಳಲ್ಲಿ ಸಾಕ್ಷ್ಯ ನುಡಿದರು. ಯಾರಿಗೆ ಎಷ್ಟು, ಏಕೆ ಎಂಬ ಪ್ರಶ್ನೆಯನ್ನು ಬಿಡಲಿಲ್ಲ. ನನಗೆ ಅವರಲ್ಲಿ ದೊಡ್ಡದಾಗಿ ಕಂಡದ್ದು ಇದೇ. ಗೆದ್ದಾಗ ಮುಂದೆ ನಿಲ್ಲುವವರು ಬೇಕಾದಷ್ಟು ಸಿಗುತ್ತಾರೆ. ಸೋತ ಮರುದಿನ ಅದೇ ಕಡತ ಬಿಚ್ಚುವವರು ಕಡಿಮೆ.

2021ರ ಡಿಸೆಂಬರ್ 31ರಂದು, 85ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಯೋವಾದ ಹಾಕಿ ಮೈದಾನಕ್ಕೆ ಅವರದೇ ಹೆಸರು. 2023ರ ಅಕ್ಟೋಬರದಲ್ಲಿ ಅದೇ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಹುಡುಗಿಯರ ಬಾಸ್ಕೆಟ್‌ಬಾಲ್ ನೋಡಲು ಸೇರಿದವರು 55,646 ಜನ. ಅದನ್ನು ನೋಡಲು ಗ್ರಾಂಟ್ ಇರಲಿಲ್ಲ.

ಇನ್ನು ನನ್ನ ಮಾತು. ಆ ದಿನ ನಮ್ಮ ಕ್ಲಬ್ಬಿನ ಲೆಕ್ಕ ತಾಳೆಯಾಗಿತ್ತು, ಅದು ಸುಳ್ಳಲ್ಲ. ಆದರೆ ಆ ಮೇಡಂ ಕೇಳಿದ್ದು ತಾಳೆಯಾಗಿದೆಯೇ ಎಂದಲ್ಲ, ನ್ಯಾಯವಾಗಿದೆಯೇ ಎಂದು. ಅವರು ನಂತರದ ವರ್ಷಗಳಲ್ಲಿ ಮತ್ತೆ ಏನನ್ನೂ ಕೇಳಲಿಲ್ಲ. ಕೇಳದಂತೆ ಮಾಡಿದವನು ನಾನು. ಆ ಮೇಡಂ ಈ ಮಾತು ಕೇಳುತ್ತಿದ್ದರೆ, ಉತ್ತರ ಈಗ ಹೇಳುತ್ತೇನೆ: ನಿಮ್ಮಿಂದ ಬಂದದ್ದು ಬಹಳ, ನಿಮಗೆ ಖರ್ಚಾದದ್ದು ಒಂದು ರಿಂಗು.

ಶ್ರೋತೃಗಳೇ, ನಿಮ್ಮೂರಿನ ಶಾಲೆಯಲ್ಲೂ ಯುವಕ ಸಂಘದಲ್ಲೂ ಲೆಕ್ಕದ ಪುಸ್ತಕ ಇದೆಯಲ್ಲ? ಈ ಸಲದ ಸಭೆಯಲ್ಲಿ ಹುಡುಗಿಯರ ಬಾಬ್ತಿನ ಸಾಲನ್ನು ಗಟ್ಟಿಯಾಗಿ ಓದಿಸಿ. ಯಾರಾದರೂ ಎದ್ದು ಪ್ರಶ್ನೆ ಕೇಳಿದರೆ ದಯವಿಟ್ಟು ನಗಬೇಡಿ.