ಸೂರಿನ ನೀರಿಗೆ ದಾರಿ ತೋರೋಣ
(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಕಾಣುವ ಆಗುಂಬೆಯಿರುವ ಮಲೆನಾಡಿನಲ್ಲಿ, ಸೂರಿನಡಿ ಒಂದು ಪೀಪಾಯಿ ಇಟ್ಟು ಮಳೆನೀರು ಹಿಡಿಯಿರಿ ಎಂದರೆ ನಗು ಬರುವುದು ಸಹಜ. ಆ ನಗುವಿನಲ್ಲಿ ಸತ್ಯಾಂಶವೂ ಇದೆ. ಆದ್ದರಿಂದ ಮೊದಲು ಲೆಕ್ಕವನ್ನೇ ನೋಡೋಣ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ನೂರು ಚದರ ಮೀಟರ್ ನೆಲವನ್ನು ಮುಚ್ಚುವ ಮಾಡಿನಿಂದ 200 ಲೀಟರಿನ ಪೀಪಾಯಿ ತುಂಬಲು ಎರಡೇ ಮಿಲಿಮೀಟರ್ ಮಳೆ ಸಾಕು. ಇಪ್ಪತ್ನಾಲ್ಕು ತಾಸುಗಳಲ್ಲಿ 115.6 ಮಿಲಿಮೀಟರ್ ಮುಟ್ಟಿದ ಮಳೆಯನ್ನು ಹವಾಮಾನ ಇಲಾಖೆ ‘ಅತಿ ಭಾರಿ’ ಎಂದು ವರ್ಗೀಕರಿಸುತ್ತದೆ. ಅಂತಹ ದಿನ, ಸಿಡಿದು ಹೋದದ್ದನ್ನು ಕಳೆದರೂ, ಇದೇ ಮಾಡಿನಿಂದ ಸುಮಾರು 10,000 ಲೀಟರ್ ನೀರು ಇಳಿಯುತ್ತದೆ. ಅದು ಐವತ್ತು ಪೀಪಾಯಿಗಳ ನೀರು.

ಹಾಗಾದರೆ ಪೀಪಾಯಿ ಏತಕ್ಕೆ? ಸುತ್ತಲೂ ಸುರಿಯುತ್ತಿದ್ದ ಸೂರಿನ ನೀರನ್ನು ಅದು ಒಂದು ಕಡೆಗೆ ತರಿಸುತ್ತದೆ. ಅಡಿಕೆ ದಬ್ಬೆಯದಾಗಲಿ, ತಗಡಿನದಾಗಲಿ, ಹರಣಿ ಕಟ್ಟದೆ ಪೀಪಾಯಿ ತುಂಬದು. ಹರಣಿ ಕಟ್ಟಿದ ಮೇಲೆ, ತುಂಬಿ ಹೊರಚೆಲ್ಲುವ ನೀರು ಎಲ್ಲಿಗೆ ಹೋಗಬೇಕೆಂಬ ಪ್ರಶ್ನೆಗೆ ಮನೆಯವರೇ ಉತ್ತರ ಹೇಳಬೇಕಾಗುತ್ತದೆ. ಮಲೆನಾಡಿನಲ್ಲಿ ಪೀಪಾಯಿಯ ನಿಜವಾದ ಪ್ರಯೋಜನ ಈ ಉತ್ತರದಲ್ಲಿದೆ.

ನಮ್ಮಲ್ಲಿ ಅನೇಕರು ಗುಡ್ಡವನ್ನು ಕಡಿದು ಮನೆಯ ಅಡಿ ಮಾಡಿಕೊಂಡವರು. ಹಿಂದೆ ಧರೆ, ಮುಂದೆ ಇಳಿಜಾರು, ಅದರ ಕೆಳಗೆ ಇನ್ನೊಬ್ಬರ ಮನೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದುದನ್ನೂ, 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಜಾರಿದುದನ್ನೂ ನಾವು ಮರೆತಿಲ್ಲ. ಪೀಪಾಯಿಯಿಂದ ಅಂತಹ ದುರಂತ ತಪ್ಪುತ್ತದೆಂದು ನಾನು ಹೇಳಲಾರೆ. ಆದರೆ ಕಡಿದ ಧರೆಯ ಮಣ್ಣು ನೀರು ಕುಡಿದಷ್ಟೂ ಭಾರವಾಗುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಅದರ ನೆತ್ತಿಗೋ ಬುಡಕ್ಕೋ ನಮ್ಮ ಮಾಡಿನ ನೀರನ್ನೂ ಸೇರಿಸುವುದು ವಿವೇಕವಲ್ಲ.

ಆದ್ದರಿಂದ ಪೀಪಾಯಿಯನ್ನು ಧರೆಯಿಂದ ದೂರ, ಗಟ್ಟಿ ನೆಲದಲ್ಲಿ, ಕಲ್ಲಿನ ಕಟ್ಟೆಯ ಮೇಲೆ ಇಡಿರಿ. ತುಂಬಿದಾಗ ನೀರಿನ ತೂಕವೇ ಎರಡು ಕ್ವಿಂಟಾಲ್. ಮೇಲ್ಭಾಗದಲ್ಲಿ ಹರಣಿಯಷ್ಟೇ ದಪ್ಪನೆಯ ಹೊರಗಂಡಿ ಇರಲಿ. ಅಲ್ಲಿಂದ ಕಲ್ಲು ಹಾಸಿದ ಕಾಲುವೆಯೊಂದು ತೋಟದ ಬಸಿಗಾಲುವೆಗೋ ಹಳ್ಳಕ್ಕೋ ಸೇರಲಿ. ಇಂಗುಗುಂಡಿ ಒಳ್ಳೆಯದೇ, ಆದರೆ ಅದು ಸಮತಟ್ಟಾದ ನೆಲಕ್ಕೆ ತಕ್ಕದ್ದು. ಕಡಿದಾದ ಇಳಿಜಾರಿನಲ್ಲಿ, ಧರೆಯ ಮೇಲ್ಬದಿಯಲ್ಲಿ ಗುಂಡಿ ತೋಡಿ ನೀರಿಂಗಿಸಬಾರದು. ಬಯಲುಸೀಮೆಯ ಹಿತವಚನವೆಲ್ಲ ಗುಡ್ಡಕ್ಕೆ ಹಿತವಾಗದು.

ಇನ್ನೊಂದು ಮಾತು: ತುಂಬಿದ ಪೀಪಾಯಿ ಮುಂದಿನ ಮಳೆಯ ಒಂದು ಹನಿಯನ್ನೂ ತಡೆಯದು. ಮಳೆ ಹೊಳವಾದಾಗ ನಲ್ಲಿ ತೆರೆದು ಬಳಸಿ. ಕೊಟ್ಟಿಗೆ ತೊಳೆಯಲು, ಪಾತ್ರೆಬಟ್ಟೆಗೆ, ಶೌಚಕ್ಕೆ ಅದು ಸಾಕು. ಕುಡಿಯಲು ಬೇಡ. ಮೊದಲ ಮಳೆಯ ಕಸದ ನೀರನ್ನು ಹೊರಕ್ಕೆ ಬಿಡಿ. ಬಾಯಿಗೆ ಸಣ್ಣ ಕಣ್ಣಿನ ಬಲೆ, ಮೇಲೆ ಬಿಗಿ ಮುಚ್ಚಳ ಇರಲಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಂತಹ ನಿಂತ ನೀರಿನಲ್ಲೇ ಮೊಟ್ಟೆಯಿಟ್ಟು, ವಾರ ಹತ್ತು ದಿನಗಳಲ್ಲಿ ಮರಿಯಾಗಿ ಹಾರುತ್ತದೆ. ವಾರಕ್ಕೊಮ್ಮೆ ಬರಿದು ಮಾಡಿ ಒಳಗೋಡೆ ಉಜ್ಜಿರಿ.

ಏಪ್ರಿಲ್, ಮೇ ತಿಂಗಳಲ್ಲಿ ಬಾವಿಯ ತಳ ಕಾಣುವಾಗ ಬರುವ ಹತ್ತು ಮಿಲಿಮೀಟರಿನ ಒಂದು ಅಡ್ಡಮಳೆಯೂ ಇದೇ ಮಾಡಿನಿಂದ ಒಂದು ಸಾವಿರ ಲೀಟರಿನಷ್ಟು ಕೊಡಬಲ್ಲದು. ಆಗ ಪೀಪಾಯಿ ನೋಡಿ ನಗುವವರಿರಲಾರರು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ವಿನಂತಿ. ನೇರ ಗೋಡೆಯ ಡಬ್ಬಿಯೊಂದನ್ನು ಬಯಲಿನಲ್ಲಿಟ್ಟು ದಿನವೂ ಮಳೆಯನ್ನು ಅಳೆಯಿರಿ. ನಿಮ್ಮ ಮಾಡಿನ ವಿಸ್ತೀರ್ಣದಿಂದ ಗುಣಿಸಿ. ಬಳಿಕ ಕೊಡೆ ಹಿಡಿದು ಹೊರಟು, ಆ ನೀರು ಎಲ್ಲಿ ಹರಿದು, ಎಲ್ಲಿ ಮಣ್ಣು ಕೊರೆದು, ಯಾರ ಅಂಗಳ ಸೇರುತ್ತದೆಂದು ಹಿಂಬಾಲಿಸಿ ನೋಡಿ. ಮನೆಯ ಹಿರಿಯರನ್ನೂ ಕರೆದೊಯ್ಯಿರಿ.

ಮಳೆ ಎಷ್ಟು ಬರಬೇಕೆಂಬುದು ನಮ್ಮ ಕೈಯಲ್ಲಿಲ್ಲ. ಆದರೆ ಮಾಡು ಕಟ್ಟಿದವರು ನಾವು. ಅದರಿಂದಿಳಿದ ನೀರು ಕೆಳಮನೆಯವರಿಗೆ ಕೇಡು ಮಾಡದೆ ಹಳ್ಳ ಸೇರುವವರೆಗೆ ಅದರ ಹೊಣೆ ನಮ್ಮದು.