ಪೈಠಣದಲ್ಲಿ ಕಲಿತ ಹೆಜ್ಜೆ

(ನಾಸಿಕದಲ್ಲಿ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಕನ್ನಡ ನುಡಿಯ ಪ್ರಾಚೀನತೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂಬುದು ವಾಡಿಕೆ. ಆ ಕೆಲಸವನ್ನು ನಮಗಿಂತ ಮೊದಲು ಮಾತನಾಡಿದ ಹಿರಿಯರು ಚೆನ್ನಾಗಿ ಮಾಡಿ ಮುಗಿಸಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತೆಗಳು, ಓದಿದ್ದು ಬೀ.ಕಾಂ.; ಹಳಗನ್ನಡಕ್ಕಿಂತ ಹಳೆಯ ಬಾಕಿಯ ಪರಿಚಯವೇ ನಮಗೆ ಹೆಚ್ಚು. ಆದುದರಿಂದ ನಾಲಗೆಯ ವಿಚಾರವನ್ನು ಬಲ್ಲವರಿಗೆ ಬಿಟ್ಟು, ಈ ಹೊತ್ತು ಕಾಲಿನ ವಿಚಾರವನ್ನು ತಮ್ಮ ಮುಂದಿಡಲು ಅಪ್ಪಣೆ ಬೇಡುತ್ತೇವೆ. ರಜೆಗೆಂದು ಹೋದ ಊರಿನಲ್ಲಿ ಮೂರು ಸಂಸಾರದವರು ಕುಣಿತ ಕಲಿಯಲು ನಿಂತ ಕಥೆಯಿದು.

ಮಾತು ಮೊದಲಾದುದು ನಮ್ಮ ಶಾಖೆಯ ಊಟದ ಕೋಣೆಯಲ್ಲಿ. ತರುಣ ಸಹೋದ್ಯೋಗಿಯೊಬ್ಬರು ಕಳೆದ ಚಳಿಗಾಲದಲ್ಲಿ ಗೋವೆಗೆ ಹೋಗಿ ಬಂದರು. ಗೋವೆಗೆ ಹೋದವರೆಲ್ಲ ಗೋಡಂಬಿ ತರುತ್ತಾರೆ. ಇವರು ಸಾಲ್ಸಾ ತಂದರು. ಪ್ರವಾಸಕ್ಕೆ ಬಂದ ಹೊಸಬರಿಗೆಂದು ಅಲ್ಲಿ ನಡೆಯುವ ಒಂದು ಗಂಟೆಯ ಪಾಠದಲ್ಲಿ ಅವರು ದಂಪತಿಗಳಿಬ್ಬರೂ ಸೇರಿಕೊಂಡಿದ್ದರಂತೆ. ಬುತ್ತಿಯ ಡಬ್ಬಿಯನ್ನು ಮುಚ್ಚಿಟ್ಟು ಎದ್ದು ನಿಂತು ನಮಗೂ ತೋರಿಸಿದರು. ಎಂಟು ಎಣಿಕೆ, ಒಂದು, ಎರಡು, ಮೂರಕ್ಕೆ ಹೆಜ್ಜೆ, ನಾಲ್ಕಕ್ಕೆ ತಡೆ, ಐದು, ಆರು, ಏಳಕ್ಕೆ ಹೆಜ್ಜೆ, ಎಂಟಕ್ಕೆ ಮತ್ತೆ ತಡೆ. ನಾಲ್ಕನ್ನೂ ಎಂಟನ್ನೂ ಖಾಲಿ ಬಿಡುವ ಈ ಲೆಕ್ಕ ಯಾವ ಖಾತೆಯಲ್ಲಿಯೂ ತಾಳೆಯಾಗದೆಂದು ನಮ್ಮ ಕ್ಯಾಷಿಯರರು ನಕ್ಕರು.

ಸಾಲ್ಸಾ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಗೊಜ್ಜು. ಹೆಸರು ಸಾರ್ಥಕವೇ ಸರಿ. ಕ್ಯೂಬಾ ದ್ವೀಪದಲ್ಲಿ ಆಫ್ರಿಕದಿಂದ ಬಂದವರ ಮದ್ದಳೆಯೂ ಸ್ಪೇನಿನವರ ಗಿಟಾರೂ ಕೂಡಿ ಹುಟ್ಟಿದ 'ಸೊನ್' ಎಂಬ ಹಾಡು ಅದರ ಮೂಲದ್ರವ್ಯ. ಆದರೆ ಅದು ಸಾಲ್ಸಾ ಎನಿಸಿಕೊಂಡದ್ದು ಕ್ಯೂಬಾದಲ್ಲಲ್ಲ, ನ್ಯೂಯಾರ್ಕ್ ನಗರದಲ್ಲಿ. ಹೊಟ್ಟೆಪಾಡಿಗಾಗಿ ಅಲ್ಲಿಗೆ ಬಂದು ನೆಲೆಸಿದ ಪೋರ್ಟೊರಿಕೋದವರೂ ಕ್ಯೂಬಾದವರೂ ತಂತಮ್ಮ ಊರಿನ ಹಾಡುಗಳನ್ನು ಒಂದೇ ಪಾತ್ರೆಯಲ್ಲಿ ಕಲಸಿದರು. 1964 ರಲ್ಲಿ ಅಲ್ಲಿ ಆರಂಭವಾದ ಫಾನಿಯಾ ಎಂಬ ಧ್ವನಿಮುದ್ರಿಕೆಯ ಸಂಸ್ಥೆ ಆ ಹಾಡುಗಳನ್ನು ಹೊರತಂದಿತು; 1970 ರ ದಶಕದಲ್ಲಿ ಈ ಹೆಸರು ಲೋಕವನ್ನೆಲ್ಲ ಸುತ್ತಿತು. ಎಂದರೆ, ಇದು ತವರಿನಲ್ಲಿ ಕುಳಿತವರು ಮಾಡಿದ ಕುಣಿತವಲ್ಲ. ಪರಸ್ಥಳದಲ್ಲಿ ಬಾಡಿಗೆಯ ಮನೆಯಲ್ಲಿದ್ದವರು ಕಟ್ಟಿದ ಕುಣಿತ. ಈ ಒಂದು ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು. ನಾವೂ ಬಾಡಿಗೆಯ ಮನೆಯವರೇ ಅಲ್ಲವೆ?

ಈ ವರ್ಷದ ಮೇ ತಿಂಗಳಲ್ಲಿ ಎಲ್.ಎಫ್.ಸಿ. ದೊರೆಯಿತು. ಬ್ಯಾಂಕಿನ ನೌಕರರಿಗೆ ಈ ಮೂರಕ್ಷರದ ಮಹಿಮೆಯನ್ನು ವಿವರಿಸಬೇಕಾಗಿಲ್ಲ. ಉಳಿದವರು ಸರಕಾರದ ಪ್ರವಾಸಭತ್ಯದ ತಮ್ಮನೆಂದು ತಿಳಿಯಬಹುದು. ಧಾರವಾಡದ ಕಡೆಯದೊಂದು, ಮೈಸೂರಿನ ಕಡೆಯದೊಂದು, ಕಲಬುರಗಿಯ ಕಡೆಯದೊಂದು, ಹೀಗೆ ಮೂರು ಸಂಸಾರ, ಒಟ್ಟು ಹನ್ನೊಂದು ಜನ ಹೊರಟೆವು. ಗೋವೆಯ ದಾರಿ ಬಿಟ್ಟು ಪೈಠಣದ ದಾರಿ ಹಿಡಿದುದಕ್ಕೆ ಕಾರಣ ಕಲಬುರಗಿಯ ಸಂಸಾರದ ಅಜ್ಜಿ. ಏಕನಾಥರ ಸಮಾಧಿಯನ್ನು ಕಾಣಬೇಕೆಂಬುದು ಅವರ ಬಹುಕಾಲದ ಆಸೆ.

ಇಲ್ಲಿ ನಮ್ಮೂರಿನ ರಾಮಕುಂಡವನ್ನು ದಾಟಿದ ಗೋದಾವರಿಯೇ ಅಲ್ಲಿ ಜಾಯಕವಾಡಿಯ ಅಣೆಕಟ್ಟಿನ ಹಿಂದೆ ಸಮುದ್ರದಂತೆ ನಿಂತಿದ್ದಾಳೆ. 1965 ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲಿಟ್ಟು, 1976 ರಲ್ಲಿ ಇಂದಿರಾ ಗಾಂಧಿಯವರು ಲೋಕಾರ್ಪಣ ಮಾಡಿದ ಕಟ್ಟೆ. ಉದ್ದ ಸುಮಾರು 10 ಕಿಲೋಮೀಟರು, ಬಾಗಿಲುಗಳು 27. ಮಳೆ ಕಡಿಮೆಯಾದ ವರ್ಷಗಳಲ್ಲಿ ನಮ್ಮ ಜಿಲ್ಲೆಯ ನೀರನ್ನು ಅಲ್ಲಿಗೆ ಬಿಡಬೇಕೆ ಬಾರದೆ ಎಂಬ ಜಗಳ ಪತ್ರಿಕೆಗಳಲ್ಲಿ ಬರುವುದನ್ನು ತಾವು ಓದಿದ್ದೀರಿ. ಕಾವೇರಿಯ ಜಗಳವನ್ನು ಕೇಳುತ್ತ ಬೆಳೆದ ಮೈಸೂರಿನ ಮಿತ್ರರಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಕಟ್ಟೆಯ ಕೆಳಗಿನ ಜ್ಞಾನೇಶ್ವರ ಉದ್ಯಾನವನ್ನು ನಮ್ಮ ಬೃಂದಾವನದ ಮಾದರಿಯಲ್ಲಿಯೇ ಮಾಡಿದ್ದೆಂದು ತಿಳಿದಾಗ ಮಾತ್ರ ಅವರು ಸ್ವಲ್ಪ ಬೀಗಿದರು. ಮಹಿಳೆಯರು ಪೈಠಣಿ ಸೀರೆಯ ಮಗ್ಗಗಳನ್ನು ನೋಡಿದರು, ಸೆರಗಿನ ನವಿಲನ್ನು ಮುಟ್ಟಿದರು, ಬೆಲೆಯನ್ನು ಕೇಳಿದರು, ಹೊರಗೆ ಬಂದರು. ನಮ್ಮ ಜಿಲ್ಲೆಯ ಯೇವಲೆಯಲ್ಲಿಯೇ ಇವು ಬೇಕಾದಷ್ಟು ನೇಯಲ್ಪಡುತ್ತವೆ ಎಂದು ನಾವು ಸಮಾಧಾನ ಹೇಳಿದೆವು. ಆ ಸಮಾಧಾನದಿಂದ ಮುಂದೆ ಖರ್ಚು ಹುಟ್ಟದಿರಲಿ.

ಈ ಊರಿಗೂ ಕನ್ನಡಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಸಾತವಾಹನರ ಪ್ರತಿಷ್ಠಾನವೇ ಇಂದಿನ ಪೈಠಣ. ಅವರ ಆಳ್ವಿಕೆ ಬಳ್ಳಾರಿಯ ಸೀಮೆಯವರೆಗೂ ಹಬ್ಬಿತ್ತು. ಆ ವಂಶದ ಹಾಲರಾಜನ ಹೆಸರಿನ ಪ್ರಾಕೃತ ಗಾಥೆಗಳಲ್ಲಿ 'ತುಪ್ಪ'ದಂತಹ ಕನ್ನಡ ಮಾತುಗಳಿವೆಯೆಂದು ವಿದ್ವಾಂಸರು ತೋರಿಸಿದ್ದಾರೆ. ಇನ್ನು ಏಕನಾಥರ ಮುತ್ತಜ್ಜ ಭಾನುದಾಸರು. ವಿಜಯನಗರಕ್ಕೆ ಹೋಗಿದ್ದ ಪಂಢರಪುರದ ವಿಠ್ಠಲನನ್ನು ಅವರು ಮರಳಿ ತಂದರೆಂದು ಪೈಠಣದವರು ಇಂದಿಗೂ ಹೇಳುತ್ತಾರೆ. ಆ ವಿಠ್ಠಲನನ್ನು ಕನ್ನಡಿಗನೆಂದು ಜ್ಞಾನೇಶ್ವರರ ಹೆಸರಿನ ಅಭಂಗವೇ ಕರೆದಿದೆ. ನಮ್ಮ ಪುರಂದರದಾಸರು ತೀರಿಕೊಂಡ 1564 ರಲ್ಲಿ ಏಕನಾಥರು ಮೂವತ್ತರ ಪ್ರಾಯದವರು. ಇವರೂ ಅವರೂ ಒಂದೇ ದೇವರ ಮುಂದೆ ತಾಳ ಹಿಡಿದವರು.

ಹತ್ತಿರದ ಸಂಗತಿಯೊಂದನ್ನು ಹೇಳಬೇಕು. 1956 ರ ಅಕ್ಟೋಬರ್ 31 ರವರೆಗೆ ಪೈಠಣವೂ ಕಲಬುರಗಿಯೂ ಒಂದೇ ಹೈದರಾಬಾದು ರಾಜ್ಯದಲ್ಲಿದ್ದುವು. ಮರುದಿನ ಮರಾಠವಾಡದ ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಹೋದುವು, ಕಲಬುರಗಿ ನಮ್ಮದಾಯಿತು. ಆ ಮರುದಿನವನ್ನೇ ನಾವು ಇಂದು ಆಚರಿಸುತ್ತಿರುವುದು. ನಮಗೆ ಕೂಡಿಕೆಯ ದಿನವಾದುದು ಈ ಎರಡು ಊರುಗಳಿಗೆ ಅಗಲಿಕೆಯ ದಿನ. ಇದರಿಂದ ರಾಜ್ಯೋತ್ಸವದ ಸಂತೋಷಕ್ಕೆ ಕೊರತೆಯೇನಿಲ್ಲ. ಆದರೆ ಲೆಕ್ಕ ಬರೆಯುವವರು ಎರಡೂ ಬದಿಯನ್ನು ಬರೆಯಬೇಕಷ್ಟೆ.

ಇನ್ನು ಕುಣಿತದ ವಿಷಯ. ಮೇ ತಿಂಗಳಲ್ಲಿ ಪೈಠಣದ ಹಗಲು ಬಾಣಲೆಯಂತೆ. ಸಂಜೆಯ ಹೊತ್ತಿಗೆ ನಾವೆಲ್ಲ ನದಿಯ ದಡದ ಸಮಾಧಿ ಮಂದಿರದ ಕಡೆಗೆ ಹೋದೆವು. ಸಮೀಪದ ಬಯಲೊಂದರಲ್ಲಿ ಊರಿನ ಹುಡುಗರೂ ಹೆಂಗಸರೂ ಎರಡು ಸಾಲಾಗಿ ಎದುರುಬದುರು ನಿಂತಿದ್ದರು. ನಡುವೆ ಮೃದಂಗದವನೊಬ್ಬ. ಆಷಾಢದ ಏಕಾದಶಿಗೆ ಏಕನಾಥರ ಪಲ್ಲಕ್ಕಿ ಇಲ್ಲಿಂದ ಪಂಢರಪುರಕ್ಕೆ ನಡೆದು ಹೋಗುತ್ತದೆ. ಮುಖ್ಯವೆಂದು ಮನ್ನಣೆ ಪಡೆದ ಪಲ್ಲಕ್ಕಿಗಳಲ್ಲಿ ಅದೂ ಒಂದು. ಅದರ ಮುಂದೆ ತಾಳ ಹಿಡಿದು ಹಾಕುವ ಹೆಜ್ಜೆಗೆ ಪಾವಲಿ ಎಂದು ಹೆಸರು. ಮರಾಠಿಯಲ್ಲಿ ಪಾವುಲ್ ಎಂದರೆ ಹೆಜ್ಜೆ. ಅಂದು ನಡೆಯುತ್ತಿದ್ದುದು ಅದರ ಅಭ್ಯಾಸ.

ನಾವು ದೂರದಲ್ಲಿ ನಿಂತು ನೋಡುತ್ತಿದ್ದೆವು. ಕಲಿಸುತ್ತಿದ್ದ ವೃದ್ಧರು ಕೈಬೀಸಿ ಕರೆದರು. "ಯಾ ಮಾವುಲಿ" ಎಂದರು. ವಾರಕರಿಗಳು ಎದುರಿಗೆ ಬಂದವರನ್ನೆಲ್ಲ ಮಾವುಲಿ, ಎಂದರೆ ತಾಯಿ, ಎಂದೇ ಕರೆಯುತ್ತಾರೆ. ಗಂಡಸಾದರೂ ಅಷ್ಟೆ, ಮಗುವಾದರೂ ಅಷ್ಟೆ. ಮೀಸೆ ಹೊತ್ತ ನಮ್ಮ ಧಾರವಾಡದ ಮಿತ್ರರಿಗೆ ಜೀವಮಾನದಲ್ಲಿ ಮೊದಲ ಬಾರಿಗೆ ಆ ಪದವಿ ಲಭಿಸಿತು. ನಾವು ಎಲ್ಲಿಯವರು, ಯಾವ ಭಾಷೆಯವರು, ಎಷ್ಟು ದಿನ ಇರುವವರು ಎಂದು ಆ ವೃದ್ಧರು ಕೇಳಲಿಲ್ಲ. ನಮ್ಮನ್ನು ಒಟ್ಟಾಗಿ ನಿಲ್ಲಿಸಲೂ ಇಲ್ಲ. ಬಲ್ಲವರಿಬ್ಬರ ನಡುವೆ ಅರಿಯದವರೊಬ್ಬರಂತೆ, ಸಾಲಿನಲ್ಲಿ ಎಡೆಮಾಡಿ ಒಬ್ಬೊಬ್ಬರನ್ನೇ ಸೇರಿಸಿದರು. ತಾಳ ಕೇಳಿದ ಹುಡುಗನಿಗೆ "ಮೊದಲು ಕಾಲು, ಆಮೇಲೆ ಕೈ" ಎಂದರು. ಪಾಠದಲ್ಲಿ ಅವರು ಆಡಿದ ಮಾತು ಇಷ್ಟೇ ಎಂದರೂ ನಡೆದೀತು.

ಬಲಗಾಲು ಮುಂದೆ, ಎಡಗಾಲು ಅದರ ಜೊತೆಗೆ, ಮೊಣಕಾಲು ಕೊಂಚ ಬಾಗಬೇಕು, ಮತ್ತೆ ಹಿಂದಕ್ಕೆ. ಎದುರಿನ ಸಾಲು ಬಂದಾಗ ನಮ್ಮ ಸಾಲು ಸರಿಯಬೇಕು. ನಮ್ಮದು ಹೋದಾಗ ಅದು ಸರಿಯುತ್ತದೆ. ನೋಡುವುದಕ್ಕೆ ಎಳೆಯ ಮಗುವಿನ ಆಟ. ಮೃದಂಗದ ನಡೆ ಏರಿದಂತೆ ಗುಮಾಸ್ತೆಯ ಮೊಣಕಾಲಿಗೆ ಅದರ ಮರ್ಮ ತಿಳಿಯುತ್ತದೆ. ಎಣಿಸಬೇಡಿ ಎಂದು ಪಕ್ಕದ ಹುಡುಗ ಹೇಳಿದ. ಎಣಿಸದೆ ಇರುವುದು ನಮಗೆ ಹೊಸ ವಿದ್ಯೆ. ಬಲಕ್ಕೊಬ್ಬ, ಎಡಕ್ಕೊಬ್ಬ ಬಲ್ಲವನಿದ್ದುದರಿಂದ ಅವರ ಭುಜ ಹೋದ ಕಡೆಗೆ ನಮ್ಮ ಭುಜ ಹೋಯಿತು. ಭುಜದ ಹಿಂದೆ ಕಾಲು ಹೋಯಿತು. ಕಾಲುಗಂಟೆಯಲ್ಲಿ ನಮ್ಮ ಮಕ್ಕಳಾರೋ ಊರಿನ ಮಕ್ಕಳಾರೋ ಗುರುತಿಸುವುದು ಕಷ್ಟವಾಯಿತು.

ಅಜ್ಜಿ ಕಲ್ಲುಕಟ್ಟೆಯ ಮೇಲೆ ಕುಳಿತಿದ್ದರು. ಅವರಿಗೆ ಎಪ್ಪತ್ತೆರಡು ವರ್ಷ. ಯಜಮಾನರು ಹೋದ ಮೇಲೆ ಭೀಮಾತೀರದ ಹಳ್ಳಿಯನ್ನು ಬಿಟ್ಟು ನಾಸಿಕಕ್ಕೆ ಮಗನ ಮನೆಗೆ ಬಂದವರು. ನಾಲ್ಕನೆಯ ಮಾಳಿಗೆಯ ಮನೆ. ಮೊಮ್ಮಗಳಿಗೆ ಹನ್ನೊಂದು. ಹುಟ್ಟಿದ್ದು ಇಲ್ಲಿಯೇ. ಅಜ್ಜಿ ಕನ್ನಡದಲ್ಲಿ ಕೇಳಿದರೆ ಹುಡುಗಿ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಒಂದೇ ಮಾತಿನಲ್ಲಿ ಉತ್ತರ ಕೊಟ್ಟು ಹೊರಟುಬಿಡುತ್ತಾಳೆ. ಜಗಳವಿಲ್ಲ, ಪ್ರೀತಿಗೆ ಕಡಮೆಯಿಲ್ಲ, ಮಾತು ಮಾತ್ರ ಇಲ್ಲ. ಇಲ್ಲಿ ಕುಳಿತಿರುವ ಎಷ್ಟು ಮನೆಗಳ ಕಥೆ ಇದು ಎಂಬುದನ್ನು ತಾವೇ ಬಲ್ಲಿರಿ.

ಆ ಹುಡುಗಿಯ ಕಾಲು ಸಾಲಿನೊಡನೆ ಕೂಡದೆ ಅವಳು ಅಳುಮೋರೆ ಮಾಡಿಕೊಂಡು ಹೊರಗೆ ಬಂದಾಗ, ಅಜ್ಜಿ ಎದ್ದು ಸೆರಗನ್ನು ಸೊಂಟಕ್ಕೆ ಬಿಗಿದರು. ಹರೆಯದಲ್ಲಿ ತಮ್ಮೂರ ದಿಂಡಿಯೊಡನೆ ಎಷ್ಟೋ ಸಲ ಪಂಢರಪುರಕ್ಕೆ ನಡೆದುಹೋದವರಂತೆ ಅವರು! ಮಗನಿಗೂ ಆ ಸಂಗತಿ ಅಂದಿನವರೆಗೆ ತಿಳಿದಿರಲಿಲ್ಲ, ಕೇಳಿದವರಾದರೂ ಯಾರು? "ಹಂಗಲ್ಲವಾ ತಂಗಿ, ಕಾಲು ಹಗೂರ ಇಡು. ನೆಲಾ ಒದೀಬ್ಯಾಡ" ಎಂದು ಮೊಮ್ಮಗಳ ಕೈ ಹಿಡಿದು ಸಾಲಿಗೆ ನಡೆದರು. ವೃದ್ಧರು ಒಮ್ಮೆ ಅಜ್ಜಿಯ ಕಾಲನ್ನು ನೋಡಿದರು. ತಮ್ಮ ಕೈಯಲ್ಲಿದ್ದ ತಾಳವನ್ನು ತೆಗೆದು ಅವರ ಕೈಗೆ ಕೊಟ್ಟರು. ಹುಡುಗಿ ಆ ಸಂಜೆ "ಹಗೂರ ಅಂದ್ರ ಏನಜ್ಜಿ?" ಎಂದು ಕನ್ನಡದಲ್ಲಿಯೇ ಕೇಳಿದಳು. ಮರುದಿನ, ಅದರ ಮರುದಿನವೂ ಹೋದೆವು. ಪಾಠಕ್ಕೆ ಏನು ಕೊಡಬೇಕೆಂದು ವಿಚಾರಿಸಿದರೆ ವೃದ್ಧರು ಅಜ್ಜಿಯನ್ನು ತೋರಿಸಿ, ಇವರಿಗೆ ಕೊಡಿ ಎಂದು ನಕ್ಕುಬಿಟ್ಟರು.

ಮರಳಿ ಬಂದು ಇದನ್ನು ಹೇಳಿದಾಗ ಸಂಘದ ಕೆಲವು ಮಿತ್ರರು ಆಕ್ಷೇಪಿಸಿದರು. ಮರಾಠಿಯವರ ಕುಣಿತ ಕಲಿತು ಬಂದು ಅದನ್ನು ಕನ್ನಡ ಸಂಘದಲ್ಲಿ ಕೊಂಡಾಡುವುದೇನು ಚೆಂದ ಎಂದರು. ಪಾವಲಿಯಿಂದ ಕನ್ನಡದ ವ್ಯಾಕರಣ ಬರುವುದೆಂದು ನಾವು ಹೇಳುವುದಿಲ್ಲ. ಹುಡುಗಿ ಇಂದಿಗೂ ಶಾಲೆಯ ವಿಷಯವನ್ನೆಲ್ಲ ಮರಾಠಿಯಲ್ಲಿಯೇ ಹೇಳುತ್ತಾಳೆ. ಆದರೆ ದಿಂಡಿಯ ಕಥೆ ಕೇಳಬೇಕಾದಾಗ ಅವಳಿಗೆ ಅಜ್ಜಿಯ ಮಾತು ಬೇಕು, ಬೇಕಾದುದರಿಂದ ಬರುತ್ತಿದೆ. ಇಂತಹ ಬೇಕನ್ನು ಹುಟ್ಟಿಸಲು ನಮ್ಮ ವೇದಿಕೆಗಳಿಗೆ ಸಾಧ್ಯವಾಗಿದೆಯೆ? ಪ್ರತಿವರ್ಷ ಬಾಡಿಗೆಯ ಪೋಷಾಕು ತೊಡಿಸಿ, ಚಲನಚಿತ್ರದ ಹಾಡನ್ನು ಯಂತ್ರದಲ್ಲಿ ಹಾಕಿ, ಮಕ್ಕಳನ್ನು ಕುಣಿಸುತ್ತೇವೆ. ಅವರು ಮೇಲೆ, ನಾವು ಕೆಳಗೆ ಕುರ್ಚಿಯಲ್ಲಿ. ಚಪ್ಪಾಳೆ ಮುಗಿದೊಡನೆ ಪರದೆಯ ಹಿಂದೆ ಹಿಂದಿ ಆರಂಭ. ಬಲ್ಲವರು ಕುರ್ಚಿಯಲ್ಲಿಯೂ ಅರಿಯದವರು ವೇದಿಕೆಯ ಮೇಲೆಯೂ ಇರುವ ಈ ಏರ್ಪಾಡು ನಮಗೆ ತಲೆಕೆಳಗಾಗಿ ಕಾಣುತ್ತದೆ. ಸಾಲ್ಸಾ ಕಲಿತ ನಮ್ಮ ಸಹೋದ್ಯೋಗಿ ಹೇಳುವಂತೆ, ಅಲ್ಲಿಯೂ ಜೊತೆಗಾರರನ್ನು ಮತ್ತೆ ಮತ್ತೆ ಬದಲಾಯಿಸುತ್ತಾರಂತೆ. ಹೊಸಬನಿಗೆ ಬಲ್ಲವರ ಕೈ ಒಮ್ಮೆಯಾದರೂ ಸಿಕ್ಕೇ ಸಿಗುತ್ತದೆ.

ಆದ್ದರಿಂದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮದೊಂದು ಸೂಚನೆಯಿದೆ. ನಮ್ಮಲ್ಲಿ ಕೋಲಾಟ ಬಲ್ಲ ಹಿರಿಯರು ಒಂಬತ್ತು ಮಂದಿಯಿದ್ದಾರೆ. ಮನೆಮನೆಗೆ ಹೋಗಿ ಕೇಳಿ ಪಟ್ಟಿ ಮಾಡಿದ್ದೇವೆ. ಇವರಲ್ಲಿ ಆರು ಮಂದಿ ಎಂದೂ ಈ ವೇದಿಕೆಯನ್ನು ಹತ್ತಿದವರಲ್ಲ. ಪ್ರತಿ ಭಾನುವಾರ ಸಂಜೆ ಇವರು ಮಕ್ಕಳ ನಡುನಡುವೆ ನಿಲ್ಲಲಿ. ಸೂಚನೆಗಳನ್ನು ಕನ್ನಡದಲ್ಲಿಯೇ, ಅವರವರ ಊರಿನ ಕನ್ನಡದಲ್ಲಿಯೇ ಕೊಡಲಿ. ಹಗೂರ ಎಂದರೂ ಸರಿ, ಮೆಲ್ಲಗೆ ಎಂದರೂ ಸರಿ. ನೆರೆಮನೆಯ ಮರಾಠಿ ಮಕ್ಕಳು ಬಂದರೆ ಅವರಿಗೂ ಎಡೆಯಿರಲಿ. ನಮಗೆ ಪೈಠಣದಲ್ಲಿ ಎಡೆ ದೊರೆತಿತ್ತು.

ಹದಿನೆಂಟು ಜೊತೆ ಕೋಲುಗಳು ಬಂದಿವೆ. ಅದರ ರಸೀದಿ ಖಜಾಂಚಿಗಳ ಬಳಿಯಿದೆ. ಈ ಸಭಾಗೃಹವು ಬರುವ ಭಾನುವಾರ ಐದು ಗಂಟೆಯಿಂದ ಏಳರವರೆಗೆ ನಮಗೆ ದೊರೆತಿದೆ. ಕುರ್ಚಿಗಳನ್ನು ಗೋಡೆಗೆ ಸರಿಸಲು ನಾಲ್ಕು ಜನ ಮುಂಚಿತವಾಗಿ ಬರಬೇಕು. ಅಜ್ಜಿಯೂ ಮೊಮ್ಮಗಳೂ ನಾಲ್ಕೂವರೆಗೇ ಬರುವುದಾಗಿ ಹೇಳಿದ್ದಾರೆ.