ಖರ್ಚಿನ ಕಾಲಂ, ಕಾಯಿಲೆಯ ಕಾಲಂ

ಭಾನುವಾರ ಬೆಳಿಗ್ಗೆ ಇಷ್ಟು ಜನ ಬರ್ತೀರಿ ಅಂದ್ಕೊಂಡಿರಲಿಲ್ಲ. ಹಿಂದಿನ ಕೋಣೆಯ ಉಪ್ಪಿಟ್ಟಿನ ವಾಸನೆಗೆ ಬಂದಿದ್ರೂ ಪರವಾಗಿಲ್ಲ, ಕೂತ್ಕೊಳ್ಳಿ. (ನಗು)

ನನ್ನ ಊರು ಸಿಂಧನೂರಿನ ಹತ್ತಿರ ಒಂದು ಹಳ್ಳಿ. ಹೈದರಾಬಾದಿಗೆ ಬಂದು ಹದಿನಾಲ್ಕು ವರ್ಷ ಆಯ್ತು. ಅದರಲ್ಲಿ ಒಂಬತ್ತು ವರ್ಷ ಅಮೆರಿಕದ ಆರೋಗ್ಯ ವಿಮೆಯ ಕ್ಲೇಮ್ ಡೇಟಾದಲ್ಲೇ ಕಳೆದಿದ್ದೀನಿ. ಇಲ್ಲಿ ಎಷ್ಟು ಜನ ಅಮೆರಿಕದ ಹೆಲ್ತ್‌ಕೇರ್ ಪ್ರಾಜೆಕ್ಟ್ ಮಾಡಿದ್ದೀರಿ, ಕೈ ಎತ್ತಿ ನೋಡೋಣ. ನೋಡಿ, ಅರ್ಧಕ್ಕರ್ಧ! ಅಲ್ಲಿ ಯಾರಿಗೋ ಮೊಣಕಾಲು ಆಪರೇಷನ್ ಆದರೆ ಅದರ ಬಿಲ್ಲು ಮಾಧಾಪುರದಲ್ಲೋ ಹಿಂಜವಾಡಿಯಲ್ಲೋ ನಮ್ಮಂಥ ಯಾರದೋ ಸ್ಕ್ರೀನ್ ಮೇಲೆ ಒಂದು ಸಾಲಾಗಿ ಬರುತ್ತೆ.

ವಿಶ್ವವಿದ್ಯಾಲಯದ ಸಂಶೋಧನೆಯಿಂದ ಬಡವರ ಆರೋಗ್ಯಕ್ಕೆ ಏನು ಉಪಯೋಗ ಅಂತ ಮಾತಾಡಿ ಅಂದ್ರು ಆಯೋಜಕರು. ನಾನು ಪಿಎಚ್‌ಡಿ ಮಾಡಿದವನಲ್ಲ, ಡಾಕ್ಟರೂ ಅಲ್ಲ. ಆದರೆ ಒಂದು ಪ್ರಬಂಧ ಓದಿದ ಮೇಲೆ ನಾನು ಮಾಡಿದ ಎರಡು ತಪ್ಪು ನನಗೆ ಗೊತ್ತಾದವು. ಒಂದು ಆಫೀಸಿನಲ್ಲಿ ಮಾಡಿದ್ದು, ಇನ್ನೊಂದು ಮನೆಯಲ್ಲಿ. ಅದನ್ನೇ ಹೇಳ್ತೀನಿ.

ಮೊದಲು ಆಫೀಸಿಂದು. ಅಮೆರಿಕದ ದೊಡ್ಡ ಆಸ್ಪತ್ರೆಗಳಲ್ಲಿ ತುಂಬ ಕಾಯಿಲೆ ಇರೋರಿಗೆ ಅಂತಲೇ ಒಂದು ವ್ಯವಸ್ಥೆ ಇರುತ್ತೆ. ಅಂಥವರಿಗೆ ಬೇರೆ ನರ್ಸ್ ಇರ್ತಾರೆ. ಅವರು ಫೋನ್ ಮಾಡಿ ಮಾತ್ರೆ ತಗೊಂಡ್ರಾ ಅಂತ ಕೇಳ್ತಾರೆ, ಡಾಕ್ಟರ ಅಪಾಯಿಂಟ್‌ಮೆಂಟ್ ಬೇಗ ಕೊಡಿಸ್ತಾರೆ. ಇದಕ್ಕೆ ದುಡ್ಡು ಖರ್ಚಾಗುತ್ತೆ, ಹಾಗಾಗಿ ಎಲ್ಲರಿಗೂ ಕೊಡೋಕಾಗಲ್ಲ. ಯಾರಿಗೆ ಕೊಡಬೇಕು ಅಂತ ಒಂದು ಸಾಫ್ಟ್‌ವೇರ್ ಪ್ರತಿಯೊಬ್ಬ ರೋಗಿಗೂ ಸ್ಕೋರ್ ಹಾಕುತ್ತೆ.

ಆ ಥರದ ಒಂದು ಸ್ಕೋರಿಗೆ ಡೇಟಾ ಸಿದ್ಧ ಮಾಡಿದವರಲ್ಲಿ ನಾನೂ ಒಬ್ಬ. ಮಾಡೆಲ್ ಏನನ್ನ ಊಹೆ ಮಾಡಬೇಕು? 'ಯಾರಿಗೆ ಕಾಯಿಲೆ ಜಾಸ್ತಿ' ಅನ್ನೋ ಕಾಲಂ ಯಾವ ಟೇಬಲ್‌ನಲ್ಲೂ ಇರಲ್ಲ. 'ಮುಂದಿನ ಹನ್ನೆರಡು ತಿಂಗಳಲ್ಲಿ ಎಷ್ಟು ಖರ್ಚಾಯ್ತು' ಅನ್ನೋ ಕಾಲಂ ಇರುತ್ತೆ. ಸ್ವಚ್ಛವಾಗಿರುತ್ತೆ, ಎಲ್ಲಾ ಸಾಲಲ್ಲೂ ತುಂಬಿರುತ್ತೆ. ಕಾಯಿಲೆ ಜಾಸ್ತಿ ಇದ್ದೋರಿಗೆ ಖರ್ಚು ಜಾಸ್ತಿ ತಾನೇ? ಆ ಎಸ್‌ಕ್ಯೂಎಲ್ ಬರೆಯೋಕೆ ನನಗೆ ಅರ್ಧ ದಿನವೂ ಬೇಕಾಗಲಿಲ್ಲ. ರಿವ್ಯೂನಲ್ಲಿ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ.

2019ರ ಅಕ್ಟೋಬರ್‌ನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಬರೆದವರಲ್ಲಿ ಮೊದಲನೆಯವರು ಜಿಯಾದ್ ಒಬರ್‌ಮೇಯರ್. ಅವರು ಬರ್ಕ್‌ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು, ಎಮರ್ಜೆನ್ಸಿ ವಿಭಾಗದಲ್ಲಿ ಕೆಲಸ ಮಾಡಿದ ಡಾಕ್ಟರು. ಜೊತೆಗೆ ಆಗ ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದ ಅರ್ಥಶಾಸ್ತ್ರಜ್ಞ ಸೆಂಧಿಲ್ ಮುಲ್ಲೈನಾಥನ್, ಮತ್ತಿಬ್ಬರು. ಇವರಿಗೆ ಒಂದು ದೊಡ್ಡ ಆಸ್ಪತ್ರೆಯ ದಾಖಲೆ ಸಿಕ್ಕಿತ್ತು: 6,079 ಕಪ್ಪು ವರ್ಣೀಯರು, 43,539 ಬಿಳಿಯರು. ಒಬ್ಬೊಬ್ಬರಿಗೂ ಸಾಫ್ಟ್‌ವೇರ್ ಹಾಕಿದ ಸ್ಕೋರ್ ಇತ್ತು. ಅದರ ಪಕ್ಕದಲ್ಲೇ ಆ ಮನುಷ್ಯನ ಬಿಪಿ, ಸಕ್ಕರೆ, ಮೂತ್ರಪಿಂಡದ ಸ್ಥಿತಿ, ರಕ್ತದ ವರದಿ ಎಲ್ಲಾ ಇತ್ತು.

ಅವರು ಮಾಡಿದ್ದು ಬಹಳ ಸರಳವಾದ ಕೆಲಸ. ಸ್ಕೋರ್ ಒಂದೇ ಇರೋ ಕಪ್ಪು ರೋಗಿ ಮತ್ತು ಬಿಳಿ ರೋಗಿಯನ್ನ ಅಕ್ಕಪಕ್ಕ ಇಟ್ಟು, ನಿಜವಾಗಿ ಯಾರಿಗೆ ಕಾಯಿಲೆ ಜಾಸ್ತಿ ಅಂತ ನೋಡಿದ್ರು. ಸ್ಕೋರ್ ಸರಿಯಾಗಿದ್ದರೆ ಇಬ್ಬರದೂ ಸಮ ಬರಬೇಕಿತ್ತು. ಬರಲಿಲ್ಲ. ವಿಶೇಷ ಆರೈಕೆಗೆ ತಾನಾಗೇ ಆಯ್ಕೆಯಾಗುವ ಗೆರೆಯ ಹತ್ತಿರ, ಅಂದ್ರೆ ನೂರಕ್ಕೆ ಮೇಲಿನ ಮೂರು ಜನರ ಗೆರೆ, ಬಿಳಿಯರಿಗೆ ಸರಾಸರಿ 3.8 ದೀರ್ಘಕಾಲದ ಕಾಯಿಲೆ ಇದ್ದರೆ ಕಪ್ಪು ವರ್ಣೀಯರಿಗೆ 4.8 ಇತ್ತು. ಅದೇ ಸಾಲಿನಲ್ಲಿ ನಿಲ್ಲೋಕೆ ಅವರು ಒಂದು ಕಾಯಿಲೆ ಜಾಸ್ತಿ ಅನುಭವಿಸಬೇಕಿತ್ತು. ಈ ಪಕ್ಷಪಾತ ತೆಗೆದರೆ, ಆಯ್ಕೆಯಾದವರಲ್ಲಿ ಕಪ್ಪು ವರ್ಣೀಯರ ಪಾಲು ಶೇ. 17.7ರಿಂದ ಶೇ. 46.5ಕ್ಕೆ ಏರುತ್ತೆ ಅಂತ ಲೆಕ್ಕ ತೋರಿಸಿದ್ರು.

ಆ ಸಾಫ್ಟ್‌ವೇರಿಗೆ ಜನಾಂಗದ ಕಾಲಂ ಕೊಟ್ಟೇ ಇರಲಿಲ್ಲ! 'ನಮ್ಮ ಹತ್ತಿರ ಆ ಕಾಲಮ್ಮೇ ಇಲ್ಲ, ಪಕ್ಷಪಾತ ಎಲ್ಲಿಂದ ಬರುತ್ತೆ' ಅಂತ ನಾವು ಮೀಟಿಂಗ್‌ನಲ್ಲಿ ಹೇಳ್ತೀವಲ್ಲ, ಅದೇ ವಾದ. ಪಕ್ಷಪಾತ ಬಂದಿದ್ದು ಖರ್ಚಿನ ಕಾಲಂನಿಂದ. ಕಾಯಿಲೆ ಅಷ್ಟೇ ಇದ್ದರೂ ಕಪ್ಪು ರೋಗಿಯ ಮೇಲೆ ವರ್ಷಕ್ಕೆ 1,801 ಡಾಲರ್ ಕಡಿಮೆ ಖರ್ಚಾಗ್ತಿತ್ತು. ಖರ್ಚು ಊಹಿಸು ಅಂತ ಹೇಳಿದ್ದೀವಿ, ಮಾಡೆಲ್ ಖರ್ಚನ್ನ ಸರಿಯಾಗಿಯೇ ಊಹಿಸ್ತು. ನಾವು ಕೇಳಿದ ಪ್ರಶ್ನೆಯೇ ತಪ್ಪಿತ್ತು.

ಖರ್ಚು ಯಾಕೆ ಕಡಿಮೆ? ಆಸ್ಪತ್ರೆ ದೂರ, ರಜೆ ಹಾಕಿದರೆ ಸಂಬಳ ಇಲ್ಲ, ಮಗು ನೋಡ್ಕೊಳ್ಳೋರಿಲ್ಲ. ಜೊತೆಗೆ ನಂಬಿಕೆಯ ಪ್ರಶ್ನೆ. ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಸರ್ಕಾರದ ಆರೋಗ್ಯ ಇಲಾಖೆಯವರೇ ಸಿಫಿಲಿಸ್ ಇದ್ದ ಕಪ್ಪು ಗಂಡಸರಿಗೆ ಚಿಕಿತ್ಸೆ ಕೊಡದೆ, ಕಾಯಿಲೆ ಹೇಗೆ ಬೆಳೆಯುತ್ತೆ ಅಂತ ನೋಡ್ತಾ ಕೂತಿದ್ರು. ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಅಂಥ ಕಡೆಯ ಅಜ್ಜ ಮೊಮ್ಮಗನಿಗೆ ಆಸ್ಪತ್ರೆಗೆ ಹೋಗು ಅಂತ ಹೇಳ್ತಾನಾ?

ಇದನ್ನ ಓದಿದ ರಾತ್ರಿ ನನಗೆ ಅಮೆರಿಕ ನೆನಪಾಗಲಿಲ್ಲ, ನಮ್ಮ ಅವ್ವ ನೆನಪಾದಳು.

ಅವ್ವನ ಹೆಸರು ನನ್ನ ಕಂಪನಿಯ ವಿಮೆಯಲ್ಲಿತ್ತು. ಆರು ವರ್ಷ ಒಂದು ಕ್ಲೇಮೂ ಇಲ್ಲ. ಟೀಮಿನಲ್ಲಿ ನಾನು ಜಂಬ ಕೊಚ್ಚಿಕೊಳ್ತಿದ್ದೆ, 'ನಮ್ಮವ್ವ ಜೋಳದ ರೊಟ್ಟಿ ತಿಂದ ಜೀವ, ನಿಮ್ಮಪ್ಪ ಅಮ್ಮನ ಥರ ಅಲ್ಲ' ಅಂತ. ಫೋನ್ ಮಾಡಿದಾಗಲೂ ಅದೇ ಮಾತು: "ನನಗೇನಾಗ್ಯಾದ, ಗಟ್ಟಿಮುಟ್ಟಾಗಿ ಅದೀನಿ." ಒಂದು ಮಳೆಗಾಲದಲ್ಲಿ ಕಾಲಿಗೆ ಮುಳ್ಳು ಚುಚ್ಚಿದ್ದು ಎರಡು ತಿಂಗಳಾದರೂ ಮಾಯಲಿಲ್ಲ ಅಂತ ತಮ್ಮ ಫೋನ್ ಮಾಡಿದ. ಇಲ್ಲಿಗೆ ಕರೆಸಿದೆ. ಮೂರು ತಿಂಗಳ ಸರಾಸರಿ ಸಕ್ಕರೆ ಇದೆಯಲ್ಲ, ಎಚ್‌ಬಿಎ1ಸಿ, ಅದು 11 ದಾಟಿತ್ತು. ಸಕ್ಕರೆ ಕಾಯಿಲೆ ಬಂದು ಏಳೆಂಟು ವರ್ಷವಾದರೂ ಆಗಿರಬೇಕು ಅಂದ್ರು ಡಾಕ್ಟರು. ಒಂದು ಬೆರಳು ತೆಗೀಬೇಕಾಯ್ತು.

ಯಾಕವ್ವಾ ಒಂದ್ಸಲಾನೂ ತೋರಿಸಿಕೊಳ್ಳಲಿಲ್ಲ ಅಂತ ಕೇಳಿದೆ. ಎಮ್ಮೆ ಯಾರು ಹಿಂಡಬೇಕು, ಕಳೆ ತೆಗೆಯೋ ದಿನದಾಗ ಕೂಲಿ ಬಿಟ್ಟು ಹೆಂಗ ಹೋಗಲಿ ಅಂದಳು. ಆಮೇಲೆ, ಬಹಳ ಹೊತ್ತಾದ ಮೇಲೆ, ಇನ್ನೊಂದು ಹೇಳಿದಳು. ಹಿಂದೊಮ್ಮೆ ತಲೆಸುತ್ತು ಅಂತ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದಳಂತೆ. ಇಷ್ಟು ದಿನ ಏನು ಮಾಡ್ತಿದ್ದಿ ಅಂತ ಎಲ್ಲರೆದುರು ಬೈದು ಕಳಿಸಿದರಂತೆ. ಮತ್ತೆ ಆ ಕಡೆ ಕಾಲಿಡಲಿಲ್ಲ.

ಆರು ವರ್ಷ, ಸೊನ್ನೆ ಕ್ಲೇಮ್. ನನ್ನ ಎಸ್‌ಕ್ಯೂಎಲ್ ಪ್ರಕಾರ ನಮ್ಮವ್ವ ಇಡೀ ಟೇಬಲ್‌ನಲ್ಲಿ ಅತ್ಯಂತ ಆರೋಗ್ಯವಂತೆ.

ಈಗ ಯೂನಿವರ್ಸಿಟಿ ವಿಷಯಕ್ಕೆ ಬರ್ತೀನಿ. ಇದನ್ನ ಕಂಪನಿಯೊಳಗಿನವರು ಯಾಕೆ ಕಂಡುಹಿಡೀಲಿಲ್ಲ? ನಾವೇನು ದಡ್ಡರಲ್ಲ. ನಮ್ಮ ಟಿಕೆಟ್‌ನಲ್ಲಿ ಬರೆದಿದ್ದು 'ಊಹೆ ಎಷ್ಟು ನಿಖರ' ಅಂತ, ಅದನ್ನ ಅಳೆದ್ವಿ, ಕ್ಲೋಸ್ ಮಾಡಿದ್ವಿ. ಈ ಸ್ಕೋರಿನಿಂದ ಯಾರಿಗೆ ಅನ್ಯಾಯ ಆಗ್ತಿದೆ ಅಂತ ನೋಡೋಕೆ ಯಾವ ಸ್ಪ್ರಿಂಟಿನಲ್ಲೂ ಜಾಗ ಇರಲ್ಲ. ಹೊರಗಿನವರಿಗೆ ನೋಡೋಣ ಅಂದ್ರೆ ಡೇಟಾ ಸಿಗಲ್ಲ. ಒಬರ್‌ಮೇಯರ್ ತಂಡಕ್ಕೆ ಎರಡೂ ಇತ್ತು: ಒಳಗಿನ ಡೇಟಾ, ಮತ್ತು ಯಾರ ಟಿಕೆಟ್ಟೂ ಇಲ್ಲದೆ ಪ್ರಶ್ನೆ ಕೇಳೋ ಸ್ವಾತಂತ್ರ್ಯ.

ನನಗೆ ಇನ್ನೂ ಇಷ್ಟವಾಗಿದ್ದು ಆಮೇಲಿನ ಕೆಲಸ. ಬೈದು ಬಿಟ್ಟುಬಿಡಲಿಲ್ಲ. ಸಾಫ್ಟ್‌ವೇರ್ ಮಾಡಿದ ಕಂಪನಿಗೇ ಹೇಳಿದ್ರು. ಕಂಪನಿಯವರು ತಮ್ಮ ಹತ್ತಿರ ಇದ್ದ ಸುಮಾರು 37 ಲಕ್ಷ ಜನರ ಡೇಟಾದಲ್ಲಿ ತಾವೇ ನೋಡಿದ್ರು, ಅಲ್ಲೂ ಅದೇ ಫಲಿತಾಂಶ. ಇಬ್ಬರೂ ಸೇರಿ ಟಾರ್ಗೆಟ್ ಬದಲಾಯಿಸಿದ್ರು, ಬರೀ ಖರ್ಚಿನ ಬದಲು ಆರೋಗ್ಯದ ಸ್ಥಿತಿಯನ್ನೂ ಸೇರಿಸಿದ್ರು. ಪಕ್ಷಪಾತ ಶೇ. 84ರಷ್ಟು ಇಳೀತು. ಹೊಸ ಆಸ್ಪತ್ರೆ ಕಟ್ಟಿ ಮಾಡಿದ್ದಲ್ಲ, ಕಾಲಂ ಬದಲಾಯಿಸಿ ಮಾಡಿದ್ದು.

ಹಾಗಂತ ಯೂನಿವರ್ಸಿಟಿಯವರು ಬರೆದ ತಕ್ಷಣ ಲೋಕ ಬದಲಾಗುತ್ತೆ ಅಂತಲ್ಲ. ಕೋವಿಡ್ ಹೊತ್ತಲ್ಲಿ ನಾವೆಲ್ಲ ಬೆರಳಿಗೆ ಸಿಕ್ಕಿಸ್ಕೊಂಡ ಆಕ್ಸಿಮೀಟರ್ ಇದೆಯಲ್ಲ. ಆಮ್ಲಜನಕ ಕಡಿಮೆಯಾದಾಗ ಕಪ್ಪು ಚರ್ಮದವರಲ್ಲಿ ಅದು ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ ಅಂತ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2005ರಲ್ಲೇ ಬರೆದಿದ್ರು. 2020ರ ಡಿಸೆಂಬರ್‌ನಲ್ಲಿ ಮಿಷಿಗನ್ ವಿಶ್ವವಿದ್ಯಾಲಯದವರು ಆಸ್ಪತ್ರೆಯ ದಾಖಲೆ ತೆಗೆದು ತೋರಿಸಿದ್ರು: ಯಂತ್ರ 92ರಿಂದ 96 ಅಂತ ಹೇಳ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಡಿಮೆ ಇದ್ದದ್ದು ಬಿಳಿಯರಲ್ಲಿ ಶೇ. 3.6, ಕಪ್ಪು ವರ್ಣೀಯರಲ್ಲಿ ಶೇ. 11.7. ಇನ್ನೂ ಹೆಚ್ಚು ಬಗೆಯ ಚರ್ಮದ ಬಣ್ಣದವರ ಮೇಲೆ ಪರೀಕ್ಷೆ ಮಾಡಿ ಅಂತ ಅಮೆರಿಕದ ಔಷಧ ಇಲಾಖೆ ಕರಡು ಸೂಚನೆ ತಂದಿದ್ದು 2025ರ ಜನವರಿಯಲ್ಲಿ. ಇಪ್ಪತ್ತು ವರ್ಷ!

ಆಫೀಸಿನಲ್ಲಿ ನಾನೇನು ಮಾಡಿದೆ ಅಂತ ಕೇಳ್ತೀರಿ. ದೊಡ್ಡ ಕ್ರಾಂತಿ ಏನೂ ಮಾಡಲಿಲ್ಲ. ಖರ್ಚಿನ ಸ್ಕೋರ್ ಪಕ್ಕದಲ್ಲಿ ದೀರ್ಘಕಾಲದ ಕಾಯಿಲೆಗಳ ಎಣಿಕೆ ಇಟ್ಟು, ಎರಡೂ ಎಲ್ಲೆಲ್ಲಿ ಜಗಳ ಆಡ್ತಾವೆ ಅಂತ ಒಂದು ರಿಪೋರ್ಟ್ ಮಾಡಿದೆ. ಕ್ಲೈಂಟ್ ಕಡೆಯವರು ಒಳ್ಳೆಯ ಕೆಲಸ, ಮುಂದಿನ ಕ್ವಾರ್ಟರ್ ನೋಡೋಣ ಅಂದ್ರು. ಮೂರು ಕ್ವಾರ್ಟರ್ ಆದ ಮೇಲೆ ರಿಪೋರ್ಟನ್ನ ತಿಂಗಳಿಗೊಮ್ಮೆ ಓಡಿಸೋಕೆ ಒಪ್ಪಿಗೆ ಸಿಕ್ತು. ಸ್ಕೋರ್ ಇನ್ನೂ ಹಳೆಯದೇ.

ಆ ರಿಪೋರ್ಟ್ ಮಾಡುವಾಗ ನನಗೇ ಇನ್ನೊಂದು ಹೊಳೀತು. ಕಾಯಿಲೆಯ ಎಣಿಕೆ ಬರೋದೂ ಡಾಕ್ಟರು ಬರೆದ ಕೋಡಿನಿಂದಲೇ. ಡಾಕ್ಟರ ಹತ್ತಿರ ಹೋದರೆ ತಾನೇ ಕೋಡು? ನಮ್ಮವ್ವ ಹೊಸ ಕಾಲಂನಲ್ಲೂ ಸೊನ್ನೆಯೇ. ಆಸ್ಪತ್ರೆಯ ಬಾಗಿಲು ದಾಟದವರು ಆಸ್ಪತ್ರೆಯ ಡೇಟಾದಲ್ಲಿ ಸಿಗಲ್ಲ, ಎಂಥ ಮಾಡೆಲ್ ತಂದರೂ.

ಅವರು ಸಿಗೋದು ಮನೆ ಬಾಗಿಲಿಗೆ ಹೋದರೆ ಮಾತ್ರ. ಮುಂಬೈನ ದೇವನಾರ್‌ನಲ್ಲಿ ಐಐಪಿಎಸ್ ಅಂತ ಇದೆ, ಜನಸಂಖ್ಯೆಯ ಅಧ್ಯಯನಕ್ಕೇ ಇರೋ ಡೀಮ್ಡ್ ವಿಶ್ವವಿದ್ಯಾಲಯ. ಮುಂಬೈ ಕನ್ನಡಿಗರು ಆ ರಸ್ತೆಯಲ್ಲಿ ನೂರು ಸಲ ಓಡಾಡಿರಬಹುದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನಡೆಸೋದು ಅವರೇ. 2019–21ರ ಸುತ್ತಿನಲ್ಲಿ ಸುಮಾರು 6.37 ಲಕ್ಷ ಮನೆಗಳಿಗೆ ಹೋದ್ರು, ಹದಿನೈದು ದಾಟಿದವರ ಬಿಪಿ ನೋಡಿದ್ರು, ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದ್ರು. ವಿಮೆ ಇರಲಿ, ಬಿಡಲಿ. ಆಸ್ಪತ್ರೆಗೆ ಹೋಗಿರಲಿ, ಬಿಡಲಿ. ಜಿಲ್ಲಾವಾರು ಅಂಕಿ ಎಲ್ಲರಿಗೂ ಸಿಗುತ್ತೆ. ರಾಯಚೂರಿಂದು, ಯಾದಗಿರಿದು ನಾನು ತೆಗೆದು ನೋಡಿದೆ. ನೀವೂ ನಿಮ್ಮ ಜಿಲ್ಲೆಯದು ನೋಡಿ, ಅಲ್ಲಿ ನಿಮ್ಮ ಮನೆಯವರೇ ಇರ್ತಾರೆ.

ಅವ್ವ ಈಗ ಊರಲ್ಲೇ ಇದ್ದಾಳೆ, ಇಲ್ಲಿ ತೆಲುಗು ಬರಲ್ಲ, ಲಿಫ್ಟ್ ಅಂದ್ರೆ ಭಯ. ಇನ್ಸುಲಿನ್ ತಮ್ಮನ ಹೆಂಡತಿ ಚುಚ್ತಾಳೆ. ಹೋದ ತಿಂಗಳು ಆಶಾ ಕಾರ್ಯಕರ್ತೆ ಮನೆಗೆ ಬಂದು ಮೂವತ್ತು ದಾಟಿದವರ ಫಾರ್ಮ್ ತುಂಬ್ತಿದ್ದಳಂತೆ, ಸೊಂಟದ ಸುತ್ತಳತೆ ಎಲ್ಲಾ ತಗೊಂಡು. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಇದೆಯಾ ಅನ್ನೋ ಪ್ರಶ್ನೆ ಬಂದಾಗ ಅವ್ವ ಕಾಲು ಮುಂದೆ ಚಾಚಿ ತೋರಿಸಿದಳಂತೆ. ಆಮೇಲೆ ಪಕ್ಕದ ಮನೆಯ ಇಬ್ಬರು ಹೆಂಗಸರನ್ನ ತಾನೇ ಕೈ ಹಿಡಿದು ಕರ್ಕೊಂಡು ಬಂದು ಕೂರಿಸಿದಳು. ಅವರಲ್ಲಿ ಒಬ್ಬಾಕೆಗೆ ಸಕ್ಕರೆ ಇನ್ನೂರ ಎಂಬತ್ತು ಇತ್ತು, ಆಕೆಗೆ ಗೊತ್ತೇ ಇರಲಿಲ್ಲ.

ನನ್ನ ಮಾತು ಇಷ್ಟೇ. ಹತ್ತು ನಿಮಿಷ ಪ್ರಶ್ನೆಗೆ ಸಮಯ ಇದೆ, ಕೇಳ್ರಿ.